ಮೈಸೂರಿನ ಒಂದು ಪುಟ್ಟ ಪ್ರೀಸ್ಕೂಲು: ಎರಡು ವರ್ಷ ಮಗಳನ್ನ ಕಳಿಸಿದ ಮೇಲೆ ಬರೀತಿರೋ ರಿವ್ಯೂ

ಡಿಸೆಂಬರ್ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಇದೇ ಮಾತು, ಮಗುನ ಯಾವ ಸ್ಕೂಲಿಗೆ ಹಾಕೋದು, ನಿಮ್ಮ ಮಗಳು ಹೋಗ್ತಿದ್ದಿದ್ದು ಯಾವ್ದು, ಅಲ್ಲಿ ಬರೀ ಡ್ರಾಯಿಂಗ್ ಮಾಡಿಸ್ತಾರಂತೆ ಹೌದಾ ಅಂತ. ಹೋದ ವಾರ ಒಬ್ಬರಿಗೆ ಫೋನಲ್ಲಿ ಹೇಳ್ತಾ ಹೇಳ್ತಾ ಮುಕ್ಕಾಲು ಗಂಟೆ ಆಯ್ತು, ಅದಕ್ಕೇ ಒಂದ್ಸಲ ಕೂತು ಪೂರ್ತಿ ಬರೆದುಬಿಡೋಣ ಅಂತ. ಸ್ಕೂಲಿನ ಹೆಸರು ಹಾಕ್ತಿಲ್ಲ. ಹಾಕ್ಲಾ ಅಂತ ಮಿಸ್ ಹತ್ರ ಕೇಳ್ದೆ, ಬೇಡಮ್ಮ, 24 ಮಕ್ಕಳಿಗಿಂತ ಜಾಸ್ತಿ ತಗೊಳ್ಳಲ್ಲ, ಬಂದವರಿಗೆಲ್ಲ ಇಲ್ಲ ಅನ್ನೋಕೆ ಸಂಕಟ ಆಗುತ್ತೆ ಅಂದ್ರು. ಆದ್ರೂ ಬರೀತಿರೋದು ಯಾಕೆ ಅಂದ್ರೆ ಅಲ್ಲಿ ನಾನು ನೋಡಿದ್ದನ್ನ ನಿಮ್ಮ ಏರಿಯಾದ ಸ್ಕೂಲಲ್ಲೂ ಹುಡುಕಿ ಅಂತ ಹೇಳೋಕೆ.

ಮೊದ್ಲು ನಾವು ಬೇರೆ ಕಡೆ ಹಾಕಿದ್ವಿ, ನಾಲ್ಕು ತಿಂಗಳು. ಆಗ ಅವಳಿಗೆ 2 ವರ್ಷ 8 ತಿಂಗಳು. ದಿನಾ ಒಂದು ವರ್ಕ್‌ಶೀಟ್, ಸೇಬಿನ ಔಟ್‌ಲೈನ್ ಇರೋದು, ಒಳಗೆ ಕೆಂಪು ತುಂಬಬೇಕು, ಗೆರೆ ದಾಟಬಾರದು. ಗೆರೆ ದಾಟದೇ ಇದ್ರೆ ಸ್ಟಾರ್. ಹಬ್ಬಕ್ಕೆಲ್ಲ ಕ್ರಾಫ್ಟ್ ಕಳಿಸೋರು, ಎಷ್ಟು ನೀಟಾಗಿರ್ತಿತ್ತು ಅಂದ್ರೆ ಎರಡೂವರೆ ವರ್ಷದ ಮಗು ಮಾಡೋಕೆ ಸಾಧ್ಯನೇ ಇಲ್ಲ, ಮಿಸ್ಸುಗಳು ರಾತ್ರಿ ಕೂತು 30 ಮಾಡಿ ಮಗು ಕೈಲಿ ಕೊನೇಗೆ ಒಂದು ಬಿಂದಿ ಅಂಟಿಸ್ತಾರೆ ಅಂತ ಆಮೇಲೆ ಗೊತ್ತಾಯ್ತು. ಅವರನ್ನ ದೂರಲ್ಲ, ಪೇರೆಂಟ್ಸ್ ಫೋಟೋ ಕೇಳ್ತಾರೆ ಅವರು ಮಾಡ್ತಾರೆ. ಆದ್ರೆ ಒಂದಿನ ಮನೇಲಿ ಪೇಪರ್ ಕ್ರಯಾನ್ ಕೊಟ್ಟು ಆನೆ ಬರಿ ಪುಟ್ಟಿ ಅಂದ್ರೆ ಪೇಪರ್ ನನ್ನ ಕಡೆ ತಳ್ಳಿ, ನೀನೇ ಬರ್ಕೊಡು, ನಂಗೆ ಬರಲ್ಲ ಅಂದ್ಲು. ಮೂರು ತುಂಬದ ಮಗು ನಂಗೆ ಬರಲ್ಲ ಅಂತು. ಅವತ್ತು ರಾತ್ರಿ ನಮ್ಮ ಮನೆಯವರ ಹತ್ರ ಇದನ್ನ ಹೇಳೋವಾಗ ನಂಗೆ ಅಳು ಬಂತು, ಮುಂದಿನ ತಿಂಗಳೇ ಬಿಡಿಸಿದ್ವಿ.

ಈ ಸ್ಕೂಲು ಕುವೆಂಪುನಗರದ ಕಡೆ ಒಂದು ಹಳೇ ಮನೆ. ಮುಂದೆ ಪೋರ್ಟಿಕೋ, ಹಿಂದೆ ಸೀಬೆ ಮರ, ಸೈಡಲ್ಲಿ ಒಂದು ಕೈತೋಟ. ನಾನು ನೋಡೋಕೆ ಹೋದಾಗ ಮೊದ್ಲು ಅನ್ಸಿದ್ದು ಏನು ಗೋಡೆ ಖಾಲಿ ಖಾಲಿ ಇದೆಯಲ್ಲ, ಚೋಟಾ ಭೀಮ್ ಇಲ್ಲ, ಮಿಕ್ಕಿ ಇಲ್ಲ, ಎ ಫಾರ್ ಆಪಲ್ ಇಲ್ಲ ಅಂತ. ಆಮೇಲೆ ಮಗಳ ಚಪ್ಪಲಿ ಬಿಚ್ಚೋಕೆ ಕೆಳಗೆ ಕೂತ್ರೆ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಸುತ್ತ ಗೋಡೆ ತುಂಬ ಚಿತ್ರ. ಎಲ್ಲ ಮಕ್ಕಳೇ ಬರೆದಿದ್ದು, ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಿದಾರೆ, ನಿಂತ್ಕೊಂಡು ನೋಡೋ ನಮಗೆ ಕಾಣೋದೇ ಇಲ್ಲ! ಬಣ್ಣ, ಬ್ರಷ್, ಕಾಗದ, ಬೆಣಚುಕಲ್ಲು, ಒಣಗಿದ ಗುಲ್‌ಮೊಹರ್ ಕಾಯಿ, ತೆಂಗಿನ ಚಿಪ್ಪು, ದಾರ, ಬಟ್ಟೆ ಚೂರು, ಎಲ್ಲ ಕೆಳಗಿನ ಶೆಲ್ಫಲ್ಲಿ, ಮಗು ಯಾರನ್ನೂ ಕೇಳದೇ ತಗೋಬಹುದು, ವಾಪಸ್ ಇಡಬೇಕು ಅನ್ನೋದೊಂದೇ ರೂಲು. ನಾವು ಆಫೀಸ್ ರೂಮಲ್ಲಿ ಮಾತಾಡಿ ಬರೋಷ್ಟರಲ್ಲಿ ನಮ್ಮವಳು ಚಿಪ್ಪಿಗೆ ಕಲ್ಲು ತುಂಬಿ ಸುರಿದು ತುಂಬಿ ಸುರಿದು ಮಾಡ್ತಾ ಕೂತಿದ್ಲು, ಪಕ್ಕದಲ್ಲಿ ಆಯಮ್ಮ ಸುಮ್ನೆ ನೋಡ್ತಾ ಕೂತಿದ್ರು, ಏನೂ ಹೇಳ್ತಿರ್ಲಿಲ್ಲ. ಆ ಸುಮ್ನೆ ಕೂರೋದು ಎಷ್ಟು ಕಷ್ಟದ ಕೆಲಸ ಅಂತ ಆಮೇಲೆ ಮನೇಲಿ ಟ್ರೈ ಮಾಡಿದಾಗ ಗೊತ್ತಾಯ್ತು.

ನಡೆಸೋರು ಇಬ್ಬರು. ಒಬ್ಬರು ಅಂಗನವಾಡಿ ಟೀಚರುಗಳಿಗೆ ತುಂಬ ವರ್ಷ ಟ್ರೈನಿಂಗ್ ಕೊಟ್ಟವರು, ಇನ್ನೊಬ್ಬರು ಇಲ್ಲೇ ಕಾವಾದಲ್ಲಿ ಓದಿದವರು. ಹೊರಗಿನವರಿಗೆ ಗೊತ್ತಿಲ್ಲದೇ ಇರಬಹುದು, ಕಾವಾ ಅಂದ್ರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ನಮ್ಮ ಮೈಸೂರಿನ ಆರ್ಟ್ ಕಾಲೇಜು. ಅವರನ್ನ ಮಕ್ಕಳೆಲ್ಲ ಬಣ್ಣದ ಮಿಸ್ ಅಂತಾರೆ, ಆದ್ರೆ ಎರಡು ವರ್ಷದಲ್ಲಿ ಅವರು ಒಂದು ಮಗುಗೂ ಹೀಗೆ ಬರಿ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದ್ದು ನಾನು ನೋಡಿಲ್ಲ. ಆನೆ ಹೇಗೆ ಬರಿಯೋದು ಮಿಸ್ ಅಂತ ಕೇಳಿದ್ರೆ, ಆನೆ ಕಿವಿ ಎಲ್ಲಿರುತ್ತೆ ಹೇಳು, ಸೊಂಡ್ಲು ನೆಲಕ್ಕೆ ತಾಗುತ್ತಾ, ಹೆಂಗೆ ನಡೆಯುತ್ತೆ ನಡೆದು ತೋರ್ಸು ಅಂತ ಶುರು ಮಾಡ್ತಾರೆ. ಮಗು ನಡೆದು ತೋರ್ಸಿ ಬಂದು ಆಮೇಲೆ ಬರೆಯುತ್ತೆ.

ಬೆಳಗ್ಗೆ ಒಂಬತ್ತೂಕಾಲಿಗೆ ಶುರು, ಹನ್ನೆರಡೂವರೆಗೆ ಬಿಡ್ತಾರೆ. ಹಾಡು, ಕಥೆ, ಹೊರಗಡೆ ಆಟ ಎಲ್ಲ ಇದೆ, ಅದು ಎಲ್ಲಾ ಕಡೆನೂ ಇರುತ್ತೆ. ನಾನು ಹೇಳ್ಬೇಕು ಅಂತಿರೋದು ಮಧ್ಯದ ಒಂದೂಕಾಲು ಗಂಟೆ ಬಗ್ಗೆ. ಮೊದಲ ಮೂರು ತಿಂಗಳು ಪೆನ್ಸಿಲ್ಲೇ ಇಲ್ಲ. ಹೆಚ್ಚಾಗಿ ಮಣ್ಣೇ. ಕುಂಬಾರಕೊಪ್ಪಲ ಕಡೆಯಿಂದ ತರಿಸಿದ ಜೇಡಿಮಣ್ಣು, ಒದ್ದೆ ಗೋಣಿ ಮುಚ್ಚಿಟ್ಟಿರ್ತಾರೆ. ನಾದೋದು, ಗುದ್ದೋದು, ಉಂಡೆ, ಹಾವು, ಉಂಡೆ ಒಳಗೆ ಹೆಬ್ಬೆರಳು ತೂರ್ಸಿ ಬಟ್ಟಲು. ಮನೆಗೆ ಬಂದ್ರೆ ಉಗುರು ಸಂದಿಯೆಲ್ಲ ಮಣ್ಣು, ನಮ್ಮತ್ತೆ ದಿನಾ ಅವಳ ಕೈ ತೊಳೀತಾ, ಏನೇ ಇದು, ಫೀಸ್ ಕಟ್ಟಿ ಮಣ್ಣಾಡೋಕೆ ಕಳಿಸ್ತಿದೀರಾ ಅನ್ನೋರು. ನಂಗೂ ಉತ್ತರ ಗೊತ್ತಿರ್ಲಿಲ್ಲ. ನನ್ನ ಫ್ರೆಂಡ್ ಒಬ್ಬಳು ಫಿಸಿಯೋಥೆರಪಿಸ್ಟ್, ಅವಳು ಒಂದಿನ ಮನೆಗೆ ಬಂದಾಗ ಅತ್ತೆಗೇ ಅರ್ಥ ಆಗೋ ಹಾಗೆ ಹೇಳಿದ್ಲು. ನಮ್ಮ ಮಣಿಕಟ್ಟಲ್ಲಿ 8 ಪುಟ್ಟ ಪುಟ್ಟ ಮೂಳೆ ಇದಾವೆ, ಮಗು ಹುಟ್ಟಿದಾಗ ಅವು ಮೂಳೆನೇ ಆಗಿರಲ್ಲ, ಕಿವಿ ಹಾಲೆ ಥರ ಮೆತ್ತಗಿರುತ್ತೆ, ಒಂದೊಂದೇ ಗಟ್ಟಿ ಆಗ್ತಾ ಬರೋಕೆ ವರ್ಷಗಳೇ ಬೇಕು. ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಸಾಲಾಗಿ ಅ ಆ ಇ ಈ ತಿದ್ದು ಅಂದ್ರೆ ಆ ಕೈ ನೋಯುತ್ತೆ ಆಂಟಿ, ಮೊದ್ಲು ಭುಜ, ಆಮೇಲೆ ಮೊಣಕೈ, ಆಮೇಲೆ ಅಂಗೈ, ಕೊನೇಗೆ ಬೆರಳು ಹೀಗೆ ಬಲ ಬರೋದು, ಮಣ್ಣು ನಾದೋದು ಅದಕ್ಕೇ ಅಂತ. ಅತ್ತೆ ಸ್ವಲ್ಪ ಹೊತ್ತು ಸುಮ್ನಿದ್ದು, ಹಂಗಾದ್ರೆ ನಮ್ಮನೇಲಿ ಚಪಾತಿ ಹಿಟ್ಟೂ ನಾದ್ಲಿ ಬಿಡು ಅಂದ್ರು. ಅವತ್ತಿಂದ ಸಂಜೆ ಒಂದು ಉಂಡೆ ಹಿಟ್ಟು ಅವಳದ್ದು.

ಬಣ್ಣ ಬಂದಿದ್ದು ದಸರಾ ರಜೆ ಮುಗಿದ ಮೇಲೆ. ಅದೂ ಅಂಗಡಿ ಬಣ್ಣ ಅಲ್ಲ, ಅಡುಗೆಮನೆ ಬಣ್ಣ. ಅರಿಶಿನ ನೀರು, ಬೀಟ್‌ರೂಟ್ ರಸ, ಶಂಖಪುಷ್ಪ ನೆನೆಸಿದ ನೀರು, ಕಾಫಿ ಡಿಕಾಕ್ಷನ್. ಇಲ್ಲೊಂದು ವಿಷಯ ಹೇಳಲೇಬೇಕು, ಅವತ್ತು ಪೇರೆಂಟ್ ವಾಲಂಟಿಯರ್ ಅಂತ ನಾನೂ ಅಲ್ಲಿದ್ದೆ. ಮಕ್ಕಳು ಬಿಳಿ ಬಟ್ಟೆ ಮೇಲೆ ಅರಿಶಿನ ನೀರು ಬಳಿದಿದ್ರು, ಮಿಸ್ ಒಂದು ಬಟ್ಟಲಲ್ಲಿ ಅಡುಗೆ ಸೋಡಾ ಕದಡಿದ ನೀರು ಇಟ್ಟು ಏನೂ ಹೇಳ್ದೆ ಪಕ್ಕಕ್ಕೆ ಹೋದ್ರು. ಒಬ್ಬ ಹುಡುಗ ಬ್ರಷ್ ಅದರಲ್ಲಿ ಅದ್ದಿ ಹಳದಿ ಮೇಲೆ ಎಳೆದ, ಗೆರೆ ಕೆಂಪಾಯ್ತು. ಮಕ್ಕಳೆಲ್ಲ ಕೆಲಸ ಬಿಟ್ಟು ಓಡಿ ಬಂದ್ರು. ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗೋದು ನಾವೆಲ್ಲ ಆರತಿ ತಟ್ಟೇಲಿ ನೋಡಿದೀವಿ, ಅದೇ ಇದು, ಕ್ಷಾರ ಸೇರಿದ್ರೆ ಅರಿಶಿನ ಬಣ್ಣ ಬದಲಾಯಿಸುತ್ತೆ. ಸುಣ್ಣ ಮಕ್ಕಳ ಕಣ್ಣಿಗೆ ಅಪಾಯ ಅಂತ ಸೋಡಾ ಇಟ್ಟಿದ್ರು. ಆಮೇಲೆ ನಿಂಬೆಹಣ್ಣು ಕೊಟ್ರು, ಕೆಂಪು ಹೋಗಿ ಮತ್ತೆ ಹಳದಿ. ಶಂಖಪುಷ್ಪದ ನೀಲಿಗೆ ನಿಂಬೆ ಹಿಂಡಿದ್ರೆ ನೇರಳೆ. ಆ ಒಂದು ವಾರ ಮಕ್ಕಳು ಏನು ಕಂಡ್ರೂ ನಿಂಬೆರಸ ಹಾಕಿ ನೋಡೋರು, ನಮ್ಮನೇಲಿ ಸಾಂಬಾರಿಗೆ, ಹಾಲಿಗೆ, ಅಜ್ಜನ ಕಷಾಯಕ್ಕೆ. ಹಾಲು ಒಡೆದಿದ್ದಕ್ಕೆ ನಾನು ಬೈಲಿಲ್ಲ. ಹೀಗೆ ಮಾಡಿದ್ರೆ ಏನಾಗುತ್ತೆ ಅಂತ ಕೈಯಾರೆ ಮಾಡಿ ನೋಡೋದು ಇದೆಯಲ್ಲ, ಅದು ಸೈನ್ಸ್ ಅಲ್ದೆ ಮತ್ತೇನು, ನಮಗೆ ಹೈಸ್ಕೂಲಲ್ಲಿ ಲಿಟ್ಮಸ್ ಪೇಪರ್ ದೂರದಿಂದ ತೋರ್ಸಿದ್ರು ಅಷ್ಟೇ.

ಈಗ ಎಲ್ಲರೂ ಕೇಳೋ ವಿಷಯಕ್ಕೆ ಬರ್ತೀನಿ, ಮಗು ಮನೆಗೆ ಏನು ತರುತ್ತೆ. ಏನೂ ತರಲ್ಲ. ಮೊದಲ ಟರ್ಮ್ ಪೂರ್ತಿ ಒಂದು ಹಾಳೆನೂ ಬರ್ಲಿಲ್ಲ. ಅಲ್ಲೇ ಪ್ರತಿ ಮಗುಗೂ ಒಂದು ದೊಡ್ಡ ಫೋಲ್ಡರ್ ಇರುತ್ತೆ, ತಾರೀಕು ಹಾಕಿ ಸೇರಿಸ್ತಾರೆ, ಚಿತ್ರದ ಹಿಂದೆ ಮಗು ಏನಂತು ಅನ್ನೋದನ್ನ ಮಗು ಮಾತಲ್ಲೇ ಬರೆದಿಡ್ತಾರೆ. ಮೂರು ತಿಂಗಳಿಗೊಮ್ಮೆ ನಮ್ಮನ್ನ ಕರೆದು ನೆಲದ ಮೇಲೆ ಎಲ್ಲ ಹರಡಿ ತೋರಿಸ್ತಾರೆ, ಒಂದೊಂದು ಮಗುಗೆ ಅರ್ಧ ಗಂಟೆ.

ಮೊದಲನೇ ಸಲ ಹೋದಾಗ ಒಂದು ಹಾಳೆ ಇತ್ತು, ಬರೀ ಚುಕ್ಕಿ. ಕಪ್ಪು ಕ್ರಯಾನಲ್ಲಿ ಟಕ್ ಟಕ್ ಅಂತ ಕುಟ್ಟಿರೋದು, ಎಡಗಡೆ ಒಂದೆರಡು, ಮಧ್ಯ ಬರ್ತಾ ಬರ್ತಾ ಲೆಕ್ಕ ಇಲ್ಲದಷ್ಟು, ಒಂದು ಕಡೆ ಕಾಗದನೇ ತೂತು ಬಿದ್ದಿದೆ, ಬಲಗಡೆ ಮತ್ತೆ ಒಂದು, ಆಮೇಲೆ ಒಂದು ಹಸಿರು ಗೀಚು. ನಾನು ಕೋಪಕ್ಕೆ ಕುಟ್ಟಿದಾಳೇನೋ ಅಂದ್ಕೊಂಡೆ, ಹೊಸ ಸ್ಕೂಲು, ಅಳ್ತಿದ್ಲೇನೋ ಅಂತ. ಮಿಸ್ ಹಾಳೆ ತಿರುಗಿಸಿದ್ರು. ಹಿಂದೆ ಬರೆದಿತ್ತು, ಅಜ್ಜಿ ಒಗ್ಗರಣೆ ಹಾಕ್ತಿದಾರೆ, ಇದು ಕರಿಬೇವು. ಫೋಟೋ ತೆಗೆದು ಅತ್ತೆಗೆ ಕಳಿಸ್ದೆ. ಅತ್ತೆ ಫೋನ್ ಮಾಡಿ, ಸರಿಯಾಗೇ ಬರೆದಿದಾಳೆ ಕಣೇ, ಸಾಸಿವೆ ಮೊದ್ಲು ಒಂದೊಂದೇ ಸಿಡಿಯೋದು, ಆಮೇಲೆ ಒಟ್ಟಿಗೆ ಚಟಪಟ, ಕರಿಬೇವು ಹಾಕೋದು ಕೊನೇಗೇ ಅಂದ್ರು. ಸದ್ದನ್ನ ಚಿತ್ರ ಮಾಡಿದಾಳೆ ಮೂರು ವರ್ಷದ ಮಗು. ಮೊದಲು ಯಾವುದು ಆಮೇಲೆ ಯಾವುದು ಅನ್ನೋದನ್ನ ಎಡದಿಂದ ಬಲಕ್ಕೆ ಇಟ್ಟಿದಾಳೆ, ಓದೋದು ಬರೆಯೋದು ಅಂದ್ರೂ ಅದೇ ತಾನೇ. ಆ ವಾರ ಅದನ್ನ ಯಾರಾದ್ರೂ ಗೀಚಾಟ ಅಂತ ಡಸ್ಟ್‌ಬಿನ್‌ಗೆ ಹಾಕಿದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ.

ಆವತ್ತಿಂದ ನಾನೂ ಸ್ವಲ್ಪ ಓದ್ಕೊಂಡೆ. ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾಶಿಕ್ಷಕರು 1947ರಲ್ಲೇ ಮಕ್ಕಳ ಚಿತ್ರ ಹಂತ ಹಂತವಾಗಿ ಹೇಗೆ ಬೆಳೆಯುತ್ತೆ ಅಂತ ಬರೆದಿಟ್ಟಿದಾರೆ. ಸುಮಾರು 2ರಿಂದ 4 ವರ್ಷ ಗೀಚೋ ಕಾಲ, ಅದರಲ್ಲೂ ಮೊದ್ಲು ಕೈ ಹೋದ ಕಡೆ ಗೀಚೋದು, ಆಮೇಲೆ ಬೇಕು ಅಂತ ಸುತ್ತೋದು, ಆಮೇಲೆ ಗೀಚಿದ್ದಕ್ಕೆ ಹೆಸರಿಡೋದು, ಇದು ಅಪ್ಪ, ಇದು ಬಸ್ಸು ಅಂತ. 4ರಿಂದ 7ಕ್ಕೆ ಆಕಾರ ಬರುತ್ತೆ. ಆ ಶುರುವಲ್ಲಿ ಬರೋ ಮನುಷ್ಯರಿಗೆ ದೊಡ್ಡ ತಲೆ, ತಲೆಯಿಂದಲೇ ನೇರ ಎರಡು ಕಾಲು, ಹೊಟ್ಟೆನೇ ಇಲ್ಲ, ಗೊದಮೊಟ್ಟೆ ಥರ. ಯಾವ ದೇಶದ ಮಕ್ಕಳೇ ಆಗ್ಲಿ ಈ ಗೊದಮೊಟ್ಟೆ ಮನುಷ್ಯನ್ನ ಬರೀತಾರಂತೆ. ನಮ್ಮವಳ ಫೋಲ್ಡರಲ್ಲಿ ಮೊದಲನೇದು ಬಂದಿದ್ದು 3 ವರ್ಷ 10 ತಿಂಗಳಿಗೆ, ಅದು ನಾನಂತೆ, ಕಾಲು ಹಾಳೆ ಪೂರ್ತಿ ಉದ್ದ. ಇದೇ ಲೋವೆನ್‌ಫೆಲ್ಡ್ ಕಲರಿಂಗ್ ಬುಕ್ಕನ್ನ ಕಡಾಖಂಡಿತವಾಗಿ ಬೇಡ ಅಂದವರು, ದೊಡ್ಡವರು ಬರೆದ ಸೊಗಸಾದ ಹಕ್ಕಿ ನೋಡಿ ನೋಡಿ ಮಗುಗೆ ತನ್ನ ಹಕ್ಕಿ ಮೇಲೆ ನಂಬಿಕೆ ಹೋಗುತ್ತೆ ಅನ್ನೋದು ಅವರ ವಾದ. ನಂಗೆ ಇದನ್ನ ಓದಿದಾಗ ನೆನಪಾಗಿದ್ದು ಆ ಔಟ್‌ಲೈನ್ ಸೇಬು, ಆ ನಂಗೆ ಬರಲ್ಲ.

ಸ್ಕೂಲಿನವರು ತಮ್ಮದು ಇಂಥದ್ದೇ ಮೆಥಡ್ ಅಂತ ಬೋರ್ಡ್ ಹಾಕ್ಕೊಂಡಿಲ್ಲ, ಆದ್ರೆ ಕೇಳಿದ್ರೆ ಇಟಲಿಯ ರೆಜ್ಜಿಯೋ ಎಮಿಲಿಯಾ ಊರಿನ ಬಗ್ಗೆ ಹೇಳ್ತಾರೆ. ಆ ಕಥೆ ಚೆನ್ನಾಗಿದೆ. 1945, ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿದೆ, ಆ ಊರ ಪಕ್ಕದ ಒಂದು ಹಳ್ಳಿ ಜನ ಜರ್ಮನ್ ಸೈನ್ಯ ಬಿಟ್ಟುಹೋದ ಒಂದು ಟ್ಯಾಂಕು, ಟ್ರಕ್ಕು, ಕುದುರೆ ಎಲ್ಲ ಮಾರಿ ಆ ದುಡ್ಡಲ್ಲಿ ಪುಟ್ಟ ಮಕ್ಕಳಿಗೆ ಶಾಲೆ ಕಟ್ಟೋಕೆ ಹೊರಟ್ರು, ಬಿದ್ದ ಮನೆಗಳ ಇಟ್ಟಿಗೆ ಹೊತ್ತು ತಂದು. ಲೋರಿಸ್ ಮಲಗುಝ್ಝಿ ಅನ್ನೋ ಮೇಷ್ಟ್ರು ಸುದ್ದಿ ಕೇಳಿ ಸೈಕಲ್ ತುಳ್ಕೊಂಡು ನೋಡೋಕೆ ಹೋದವರು ಜೀವನ ಪೂರ್ತಿ ಆ ಕೆಲಸಕ್ಕೇ ನಿಂತುಬಿಟ್ರು. 1963ರಲ್ಲಿ ಆ ಊರಿನ ಮುನಿಸಿಪಾಲಿಟಿನೇ ಪ್ರೀಸ್ಕೂಲ್ ಶುರು ಮಾಡ್ತು. ಅಲ್ಲಿನ ಶಾಲೆಗಳಲ್ಲಿ ಬಣ್ಣ ಮಣ್ಣು ಸಾಮಾನು ಇಟ್ಟ ಒಂದು ಕೋಣೆ ಇರುತ್ತೆ, ಅದನ್ನ ನೋಡ್ಕೊಳ್ಳೋಕೆ ಟೀಚರ್ ಟ್ರೈನಿಂಗ್‌ನವರಲ್ಲ, ಕಲೆ ಕಲಿತವರೇ ಇರ್ತಾರೆ. ಮಗು ಮಾತಲ್ಲಿ ಹೇಳಕ್ಕಾಗದ್ದನ್ನ ಮಣ್ಣಲ್ಲಿ ಹೇಳುತ್ತೆ, ನೆರಳಲ್ಲಿ ಹೇಳುತ್ತೆ, ಕುಣಿದು ಹೇಳುತ್ತೆ, ನಾವು ಅವೆಲ್ಲಾನೂ ಭಾಷೆ ಅಂತ ತಗೋಬೇಕು ಅನ್ನೋದು ಅವರ ಮಾತು. ಈಗ ನಮ್ಮ ಕಡೆನೂ ರೆಜ್ಜಿಯೋ ಇನ್‌ಸ್ಪೈರ್ಡ್ ಅಂತ ಬೋರ್ಡ್ ಜಾಸ್ತಿ ಆಗ್ತಿದೆ. ಅದು ಫ್ರಾಂಚೈಸಿ ಅಲ್ಲ, ಹಾಗಾಗಿ ಬೋರ್ಡ್ ನೋಡಿ ಜಾಸ್ತಿ ಫೀಸ್ ಕೊಡಬೇಡಿ, ಒಳಗೆ ಹೋಗಿ ಬಣ್ಣದ ಶೆಲ್ಫಿಗೆ ಮಗು ಕೈ ಎಟಕುತ್ತಾ ನೋಡಿ.

ಅಷ್ಟು ದೂರ ಹೋಗೋದೂ ಬೇಡ ಅನ್ಸುತ್ತೆ ನಂಗೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅನ್ನೋರು ವಕೀಲಿಕೆ ಬಿಟ್ಟು 1920ರಲ್ಲೇ ಬಾಲಮಂದಿರ ಶುರು ಮಾಡಿದ್ರು, ಹೆದರಿಕೆ ಇಲ್ಲ, ಹೊಡೆತ ಇಲ್ಲ, ಕಥೆ, ಹಾಡು, ಕೈಕೆಲಸ. ಜನ ಅವರನ್ನ ಮೀಸೆ ಇರೋ ಅಮ್ಮ ಅಂತಿದ್ರಂತೆ. ಇನ್ನು ನಮ್ಮ ಸರ್ಕಾರದ್ದೇ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಇದೆಯಲ್ಲ, 3ರಿಂದ 8 ವರ್ಷದವರಿಗೆ ಮಾಡಿದ್ದು, ಅದರಲ್ಲೂ 3ರಿಂದ 6ರವರೆಗೆ ಪಠ್ಯಪುಸ್ತಕನೇ ಬೇಡ ಅಂತ ಇದೆ, ಮಗು ಕಲೆ ಮೂಲಕ ತನ್ನ ಭಾವನೆ ಹೇಳ್ಕೊಳ್ಳೋದು ಕಲಿಕೆಯ ಗುರಿಗಳಲ್ಲೇ ಒಂದು. ಹಾಗಾಗಿ ಯಾವ್ದಾದ್ರೂ ಸ್ಕೂಲಲ್ಲಿ ನರ್ಸರಿಗೆ 7 ಟೆಕ್ಸ್ಟ್‌ಬುಕ್ಕು ಅಂತ ಲಿಸ್ಟ್ ಕೊಟ್ರೆ ಧೈರ್ಯವಾಗಿ ಯಾಕೆ ಅಂತ ಕೇಳಿ.

ಎರಡನೇ ವರ್ಷದ ಅಂಬಾರಿ ಬಗ್ಗೆ ಬರೀದೇ ಇದ್ರೆ ಈ ರಿವ್ಯೂ ಪೂರ್ತಿ ಆಗಲ್ಲ. ದಸರಾ ರಜೆ ಮುಗಿಸಿ ಬಂದ ಮಕ್ಕಳ ತಲೆ ತುಂಬ ಜಂಬೂಸವಾರಿ, ಯಾರು ನೋಡಿದ್ರೂ ಅಭಿಮನ್ಯು ಅಭಿಮನ್ಯು. 2020ರಿಂದ ಅಂಬಾರಿ ಹೊರ್ತಿರೋ ಆನೆ ಅದು, ಮೈಸೂರು ಮಕ್ಕಳಿಗೆ ಮನೆಯವನಿದ್ದ ಹಾಗೆ. ಒಂದು ಮಗು, ಅಂಬಾರಿ ಭಾರ ಅಲ್ವಾ ಆನೆಗೆ ನೋವಾಗಲ್ವಾ ಅಂತ ಕೇಳ್ತು. ಮಿಸ್ ಆ ಪ್ರಶ್ನೆ ಹಿಡ್ಕೊಂಡು ಐದು ವಾರ ನಡೆಸಿದ್ರು. ಎಷ್ಟು ಭಾರ ಅಂತ ಮನೇಲಿ ಕೇಳ್ಕೊಂಡು ಬನ್ನಿ ಅಂದ್ರು, 750 ಕೆಜಿ ಅಂತ ಉತ್ತರ ಬಂತು. 750 ಅಂದ್ರೆ ನಾಲ್ಕು ವರ್ಷದ ಮಗುಗೆ ಏನು ಅರ್ಥ ಆಗುತ್ತೆ? ಒಬ್ಬರ ಅಪ್ಪ ದಿನಸಿ ಅಂಗಡಿ ಇಟ್ಟಿದಾರೆ, ಅವರು 25 ಕೆಜಿ ಅಕ್ಕಿ ಮೂಟೆ ತಂದಿಟ್ರು. ಮಕ್ಕಳು ತಳ್ಳಿದ್ರು, ಅಲುಗಾಡ್ಲಿಲ್ಲ. ಆರು ಜನ ಸೇರಿ ತಳ್ಳಿದ್ರು, ಸ್ವಲ್ಪ ಜರುಗ್ತು. ಇಂಥ ಮೂಟೆ 30 ಇಟ್ರೆ ಒಂದು ಅಂಬಾರಿ ಅಂತ ಮಿಸ್ ಹೇಳಿದಾಗ ಮಕ್ಕಳು ಬಾಯಿ ಬಿಟ್ಕೊಂಡು ಕೂತ್ರಂತೆ. ಆಮೇಲೆ ಹಜಾರದ ಗೋಡೆ ಉದ್ದಕ್ಕೂ ಕಾಗದದ ರೋಲ್ ಅಂಟಿಸಿ 30 ಮೂಟೆ ಬರೆದ್ರು, ಎಣಿಸಿದ್ರು, 27ಕ್ಕೆ ತಪ್ಪಿ ಮತ್ತೆ ಮೊದಲಿಂದ ಎಣಿಸಿದ್ರು. ರಟ್ಟಿನ ಡಬ್ಬ ಕಟ್ಟಿ ಆನೆ ಮಾಡಿದ್ರು, ಕಾಲು ಸಣ್ಣ ಆಯ್ತು ಬಿತ್ತು, ದಪ್ಪ ಮಾಡಿದ್ರು ನಿಲ್ತು. ಬಿದ್ದ ಆನೆದೂ ಫೋಟೋ ಗೋಡೆ ಮೇಲೆ ಹಾಕಿದ್ರು, ಪಕ್ಕದಲ್ಲಿ ಮಕ್ಕಳ ಮಾತು, ಕಾಲಿಗೆ ಶಕ್ತಿ ಇರ್ಲಿಲ್ಲ ಅದಕ್ಕೆ ಎರಡೆರಡು ಡಬ್ಬ ಹಾಕಿದ್ವಿ ಅಂತ. ನಮ್ಮವಳು ಬರೆದ ಆನೆಗೆ ಬೆನ್ನು ಮಧ್ಯ ಕೆಳಗೆ ಬಗ್ಗಿತ್ತು. ಯಾಕೆ ಪುಟ್ಟಿ ಅಂದ್ರೆ, ಭಾರ ಅಮ್ಮ ಅಂದ್ಲು.

ಇನ್ನೊಂದು, ತಿಂಗಳಿಗೊಂದು ಸಲ ಮನೆಯ ಹಿರಿಯರನ್ನ ಕರೀತಾರೆ. ನಮ್ಮತ್ತೆ ಹೋಗಿದ್ದು ರಂಗೋಲಿ ಹಾಕೋಕೆ, ಧನುರ್ಮಾಸದಲ್ಲಿ. ಅಕ್ಕಿಹಿಟ್ಟಲ್ಲೇ ಹಾಕ್ಬೇಕು, ಅಂಗಡಿ ರಂಗೋಲಿ ಪುಡಿ ಮಕ್ಕಳ ಬಾಯಿಗೆ ಹೋದ್ರೆ ಕಷ್ಟ ಅಂತ ಮೊದ್ಲೇ ಹೇಳಿದ್ರು. ಅತ್ತೆ 5ರಿಂದ 1ಕ್ಕೆ ಚುಕ್ಕಿ ಇಟ್ಟು ಎಳೆ ಎಳೆದು ತೋರಿಸಿದ್ರು, ಮಕ್ಕಳಿಗೆ ಚುಕ್ಕಿ ಇಟ್ಕೊಟ್ರೆ ಒಬ್ಬೊಬ್ಬರು ಒಂದೊಂದು ಕಡೆ ಸೇರಿಸ್ತಾರೆ, ಒಂದು ಹುಡುಗಿ ಚುಕ್ಕಿಗಳನ್ನೆಲ್ಲ ಬಿಟ್ಟು ಸುತ್ತ ದೊಡ್ಡ ಬೇಲಿ ಹಾಕ್ಬಿಟ್ಲು, ಇವರೆಲ್ಲ ಮನೆ ಒಳಗಿದಾರೆ ಅಜ್ಜಿ ಅಂತ. ಅತ್ತೆಗೆ ಕೈ ಹಿಡಿದು ತಿದ್ದಬೇಕು ಅಂತ ಆಸೆ, ಮಿಸ್ ಮೆಲ್ಲಗೆ, ಅಮ್ಮಾ ಸ್ವಲ್ಪ ಹೊತ್ತು ನೋಡೋಣ ಅಂದ್ರಂತೆ. ಮನೆಗೆ ಬಂದು ಅತ್ತೆ ಹೇಳಿದ್ದು, ನಾನು ಕಲಿತಾಗ್ಲೂ ನಮ್ಮಮ್ಮ ಏನೂ ತಿದ್ದಿರ್ಲಿಲ್ಲ, ನಾಳೆ ಬೆಳಗ್ಗೆ ಸಾರಿಸಿ ಬೇರೆ ಹಾಕ್ತೀವಲ್ಲ, ತಪ್ಪಿದ್ರೆ ತಪ್ತು ಅಂತ. ಇದನ್ನ ಕೇಳಿ ನಾನು ನಮ್ಮೂರು ಸಾಗರದ ಕಡೆ ದೀವರ ಮನೆ ಗೋಡೆಗಳಲ್ಲಿ ಬರೆಯೋ ಚಿತ್ತಾರದ ಫೋಟೋ ಮಿಸ್‌ಗೆ ಕಳಿಸ್ದೆ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಮುಂದಿನ ತಿಂಗಳು ಹಿತ್ತಲ ಗೋಡೆಗೆ ಕೆಮ್ಮಣ್ಣು ಬಂತು, ಮಕ್ಕಳು ಅಲ್ಲೇ ನಾರು ಜಜ್ಜಿ ಕುಂಚ ಮಾಡ್ಕೊಂಡ್ರು.

ಚೆನ್ನಾಗಿಲ್ಲದ್ದೂ ಹೇಳ್ಬೇಕು. ಫೀಸು ವರ್ಷಕ್ಕೆ 48 ಸಾವಿರ, ನಮಗೆ ಅದು ಸಣ್ಣ ಮೊತ್ತ ಅಲ್ಲ, ಕಂತಲ್ಲಿ ಕಟ್ಟಿದ್ವಿ. ಇಂಥ ಕಲಿಕೆ ದುಡ್ಡಿರೋರ ಮಕ್ಕಳಿಗೆ ಮಾತ್ರ ಸಿಗೋ ಹಾಗಾಗಿದೆ ಅನ್ನೋದು ನಂಗೆ ನಿಜವಾಗ್ಲೂ ನೋವಿನ ವಿಷಯ, ಮಣ್ಣು ಅರಿಶಿನ ಹಳೇ ರಟ್ಟಿಗೆ ಏನು ಖರ್ಚು, ಖರ್ಚಾಗೋದು 8 ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕಲ್ಲ ಅದಕ್ಕೆ. ವ್ಯಾನ್ ಇಲ್ಲ, ಹನ್ನೆರಡೂವರೆಗೆ ನಾವೇ ಹೋಗಿ ಕರ್ಕೊಂಡು ಬರಬೇಕು, ಇಬ್ಬರೂ ಕೆಲಸಕ್ಕೆ ಹೋಗೋ ಮನೇಲಿ ಅಜ್ಜಿ ತಾತ ಇಲ್ಲ ಅಂದ್ರೆ ಕಷ್ಟ. ಬಟ್ಟೆ ಕಲೆ ಹೋಗಲ್ಲ, ಅರಿಶಿನದ್ದಂತೂ ಹೋಗೋದೇ ಇಲ್ಲ, ಹಳೇ ಬಟ್ಟೆ ಎರಡು ಜೊತೆ ಅಲ್ಲೇ ಇಟ್ಟುಬಿಡಿ. ಮಳೆಗಾಲದಲ್ಲಿ ಮಣ್ಣಿನ ಸಾಮಾನು ಒಣಗದೇ ಬೂಸ್ಟು ಹಿಡಿದಿತ್ತು ಒಂದ್ಸಲ, ಹೇಳಿದ ಮೇಲೆ ಸರಿ ಮಾಡಿದ್ರು.

ಅಕ್ಷರದ ವಿಷಯ ಸ್ವಲ್ಪ ಉದ್ದ ಇದೆ. ಎರಡನೇ ವರ್ಷದ ಮಧ್ಯದಲ್ಲಿ ನಂಗೆ ಭಯ ಆಗಿತ್ತು, ಪಕ್ಕದ ಮನೆ ಹುಡುಗ 50ರವರೆಗೆ ಬರೀತಾನೆ, ಎ ಟು ಝಡ್ ಬರೀತಾನೆ, ನಮ್ಮವಳು ಮಣ್ಣಲ್ಲಿ ಹಾವು ಮಾಡ್ತಾಳೆ. ಹೋಗಿ ಕೇಳಿದ್ದಕ್ಕೆ ಅಂಗನವಾಡಿ ಟ್ರೈನಿಂಗ್ ಕೊಡ್ತಿದ್ದ ಮಿಸ್ ನನ್ನ ಮುಂದೆ ಅವಳ ಫೋಲ್ಡರ್ ಇಟ್ಟು ಚಿತ್ರದ ಮೂಲೆಗಳನ್ನ ತೋರಿಸಿದ್ರು. ಶುರುವಲ್ಲಿ ಗುರುತಿಗೆ ಒಂದು ಸುತ್ತು, ಆಮೇಲೆ ಸುತ್ತಿಗೆ ಬಾಲ, ಆಮೇಲೆ ಹೆಸರಿನ ಮೊದಲ ಅಕ್ಷರ ಉಲ್ಟಾ, ಆಮೇಲೆ ಸರಿಯಾಗಿ. ಯಾರೂ ತಿದ್ದಿಸಿಲ್ಲ, ಇದು ನನ್ನದು ಅಂತ ಗುರುತು ಹಾಕೋಕೆ ಅವಳೇ ಕಲಿತಿದ್ದು. ನಮ್ಮ ಕನ್ನಡ ಅಕ್ಷರ ಎಲ್ಲ ದುಂಡಗೆ ತಾನೇ, ಎರಡು ವರ್ಷ ಸುತ್ತಿ ಸುತ್ತಿ ಪಳಗಿದ ಕೈ ಅದು, ಐದನೇ ವರ್ಷದಲ್ಲಿ ಶುರು ಮಾಡಿದ್ಮೇಲೆ ಮೂರು ತಿಂಗಳಲ್ಲಿ ಸ್ವರ ಎಲ್ಲ ಬಂತು, ಒಂದು ದಿನನೂ ಅಳದೇ. ಆದ್ರೂ ನನ್ನ ದೂರು ಇದೆ, ಈ ಫೋಲ್ಡರ್ ಮೂಲೆ ವಿಷಯ ಅವರು ಮೊದ್ಲೇ ನಮಗೆ ಹೇಳಬಹುದಿತ್ತು, ಆರು ತಿಂಗಳು ನಿದ್ದೆ ಕೆಡ್ತಿರ್ಲಿಲ್ಲ. ಇನ್ನು ಒಂದನೇ ಕ್ಲಾಸಿಗೆ 6 ವರ್ಷ ತುಂಬಿರ್ಬೇಕು ಅನ್ನೋ ನಿಯಮ ನಮ್ಮ ರಾಜ್ಯದಲ್ಲಿ ಬಂದಿದೆ, 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ರು. ಅಲ್ಲಿಗೆ ಮಕ್ಕಳಿಗೆ ಟೈಮ್ ಇದೆ, ಮೂರು ವರ್ಷಕ್ಕೇ ಬರವಣಿಗೆಗೆ ಓಡಿಸೋ ಅವಸರ ಯಾಕೆ ಅಂತ ಗೊತ್ತಾಗಲ್ಲ. ಈಗ ಇರೋ ದೊಡ್ಡ ಸ್ಕೂಲಿನ ಯುಕೆಜಿಗೆ ಸೇರಿಸೋವಾಗ ಟೀಚರ್ ಒಂದು ಹಾಳೆ ಕೊಟ್ಟು ನಿಂಗಿಷ್ಟ ಬಂದಿದ್ದು ಬರಿ ಅಂದ್ರು, ಅವಳು 20 ನಿಮಿಷ ತಲೆ ಎತ್ತಲಿಲ್ಲ.

ನೀವು ನೋಡೋಕೆ ಹೋದಾಗ ಕ್ಲಾಸ್ ನಡೀತಿರೋ ಟೈಮಿಗೇ ಹೋಗಿ. ಗೋಡೆ ಮೇಲೆ 20 ಚಿತ್ರ ಇದ್ದು 20ಕ್ಕೆ 20 ಒಂದೇ ಥರ ಇದ್ರೆ ಅದು ಮಿಸ್ ಚಿತ್ರ, ಮಕ್ಕಳದ್ದಲ್ಲ. ಒಂದು ಚಿತ್ರ ತೋರಿಸಿ ಇದರ ಬಗ್ಗೆ ಈ ಮಗು ಏನಂತು ಅಂತ ಕೇಳಿ, ಉತ್ತರ ಗೊತ್ತಿದ್ರೆ ಆ ಜಾಗ ನಂಬಬಹುದು. ಸ್ಕೂಲ್ ಸಿಗ್ಲಿಲ್ಲ ಅಂದ್ರೂ ಮನೇಲಿ ಮಾಡಬಹುದಾದ್ದು ತುಂಬ ಇದೆ. ದಪ್ಪ ಕ್ರಯಾನ್ ನಾಲ್ಕೇ ನಾಲ್ಕು ಸಾಕು, 48ರ ಡಬ್ಬ ಬೇಡ, ಹಳೇ ಕ್ಯಾಲೆಂಡರ್ ಹಿಂಭಾಗ ಒಳ್ಳೇ ಕಾಗದ. ಹೋಳಿ ಬಣ್ಣ ಯಾವತ್ತೂ ಕೊಡಬೇಡಿ. ಏನಿದು ಅಂತ ಕೇಳೋ ಬದಲು ಇದರ ಬಗ್ಗೆ ಹೇಳು ಪುಟ್ಟ ಅನ್ನಿ, ಮಗು ಏನಾದ್ರೂ ಹೇಳಿದ್ರೆ ಹಿಂದೆ ಬರೆದು ತಾರೀಕು ಹಾಕಿ.

ಮಾರ್ಚ್‌ನಲ್ಲಿ ಕೊನೇ ದಿನ ಫೋಲ್ಡರ್ ಮನೆಗೆ ಕೊಟ್ರು. ಎರಡು ವರ್ಷದ್ದು, ನಮ್ಮ ಮನೆಯವರು ಎರಡು ಕೈಲಿ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರು. ಮಗಳು ಅದನ್ನ ತೂಕ ಮಾಡ್ಲೇಬೇಕು ಅಂತ ಹಠ, ಅಡುಗೆಮನೆ ತಕ್ಕಡಿ ಸಾಲದು ಅಂತ ಕೆಳಗಿನ ಅಂಗಡಿಗೆ ತಗೊಂಡು ಹೋದ್ವಿ. 3 ಕೆಜಿ 400 ಗ್ರಾಂ. ಅಂಬಾರಿಗಿಂತ ಕಮ್ಮಿ ಅಂದ್ಲು. ಈಗ ನನ್ನ ಮಗನಿಗೆ ಎರಡೂಕಾಲು, ಅವನ ಫಾರಂ ಹೋದ ಸೋಮವಾರ ಕೊಟ್ಟು ಬಂದೆ.